ಗರಗಸ ಮಸೆಯುವ ಅರ

ಕಾಗಿಣಾ ನದಿಯಲ್ಲಿ ದೋಣಿ ಹಾಕುತ್ತಿದ್ದ ಮನೆತನದ ಕಾಶಪ್ಪ ಶಹಾಬಾದದ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಎಬ್ಬಿಸುತ್ತಿದ್ದ. ಸಂಜೆ ಅಂಗಳದಲ್ಲಿ ಕೂತು ಭಜನೆಯವರ ತಂಬೂರಿ ರಿಪೇರಿ ಮಾಡುತ್ತಿದ್ದ. ಈ ಕೆಲಸವನ್ನು ಚಿತ್ತಾಪುರದ ಗುರುಲಿಂಗಯ್ಯ ಕಲಿಸಿದ್ದರು. ಕಲ್ಲಿನ ದೂಳಿಗೆ ಎದೆ ಕಟ್ಟತೊಡಗಿತ್ತು. ಗಣಿ ಬಿಟ್ಟು ವಾದ್ಯದ ಕೆಲಸದಲ್ಲೇ ಬದುಕಬೇಕೆಂದು ಅವನು ಹಟ ಹಿಡಿದಿದ್ದ. ಆದರೆ ಭಜನೆಯವರ ತಂಬೂರಿಗಳು ವರ್ಷಕ್ಕೊಮ್ಮೆ ಕೆಟ್ಟರೆ ಹೆಚ್ಚು.

ಹೀಗಿರುವಾಗ ವಾಡಿ ಜಂಕ್ಷನ್ನಿನ ಗಾರ್ಡ್ ಅಮೀರ್ ಅಲಿ ಒಂದು ಗಿಟಾರ್ ಹಿಡಿದು ಬಂದ. ತಂತಿಗಳನ್ನು ಹೊರುವ ಮರದ ಕುದುರೆ ಬಿಸಿಲಿಗೆ ಕಿತ್ತು ಸೀಳಿಹೋಗಿತ್ತು.

"ಇದೊಂದು ಸರಿ ಮಾಡಿಕೊಡು ಕಾಶಪ್ಪಾ. ನಮ್ಮ ರೈಲ್ವೆ ಮಂದಿ ಬಾಜಾ ಎಲ್ಲಾ ಈಗ ರಿಪೇರಿಗಿ ಬೊಂಬಾಯಿಗಿ ಹೊಂಟಾವ. ನಾಳೆ ನಿನ್ನ ಕಡೀನೇ ಬರ್ತಾವ."

ಕಾಶಪ್ಪ ಹತ್ಯಾರುಗಳ ಗಂಟನ್ನು ಫರಸಿಯ ಮೇಲೆ ಬಿಚ್ಚಿದ. ಹೊಸ ಕುದುರೆಗೆ ತೆಗೆದ ಗೇಣುದ್ದದ ಬೀಟೆ ತುಂಡಿಗೆ, ಮರ ಹೆರೆಯುವ ದೊಡ್ಡ ರಂದಾ ಬೇಡವೆಂದು ಪಕ್ಕಕ್ಕಿಟ್ಟ. ಕಿರುಬೆರಳಗಲದ ಉಳಿ ಸಾಕು. ತಂತಿ ಪೋಣಿಸುವ ತೂತಿಗೆ ಬೈರಿಗೆಯ ಅತಿ ಸಣ್ಣ ಮೊನೆ ಆರಿಸಿದ. ಮೊಳೆ ಹೊಡೆದರೆ ತೆಳು ಹಲಗೆ ಸೀಳುತ್ತದೆಂದು ಸರೇಸು ಕಾಯಿಸಿ ಅಂಟಿಸಿ, ಮೇಲೆ ಕಲ್ಲಿನ ಚೂರು ಹೇರಿದ. ತಂತಿ ಕೂರುವ ಎಲುಬಿನ ಪಟ್ಟಿಗೆ ಮಾತ್ರ ಅವನು ಯಾವುದನ್ನೂ ಆರಿಸಲಿಲ್ಲ. ಕೈ ತಾನೇ ಗುರುಗಳ ಅಗಲವಾದ ಅರದ ಕಡೆ ಹೋಯಿತು. ಅದರಿಂದ ಪಟ್ಟಿಯ ಮೈಯನ್ನು, ತಂಬೂರಿಗೆ ಮಾಡುವ ಹಾಗೆಯೇ, ಆಮೆಯ ಬೆನ್ನಿನಂತೆ ಸವರಿದ.

ತಂತಿ ಬಿಗಿದು ಮೀಟಿದಾಗ ಅಂಗಳವೆಲ್ಲ ಗುಂಯ್‌ಗುಟ್ಟಿತು. ಅಮೀರ್ ಅಲಿಯ ಮುಖ ಗಂಟಿಕ್ಕಿತು.

"ಇದೇನು ಮಾಡೀದಿ? ಜೇನ್ನೊಣ ಕುಂತಂಗ ಆಗ್ಯಾದಲ್ಲ."

"ನಾದ ಎಳಕೊಂಡು ನಿಂತಾದರಿ ಸಾಹೇಬ್ರ. ಇಂಥಾದು ಬೊಂಬಾಯ್ಯಾಗೂ ಸಿಗಾಂಗಿಲ್ಲ."

"ಹೌದು ನೋಡು, ಎಲ್ಲೂ ಸಿಗಾಂಗಿಲ್ಲ. ನಾ ಮಠದಾಗ ಭಜನಿ ಮಾಡಾಂವ ಅಲ್ಲಪಾ. ಒಂದು ಸ್ವರ ಮುಗದ ಮ್ಯಾಲೆ ಇನ್ನೊಂದು ಬರಬೇಕು. ಐತವಾರ ಬರ್ತೀನಿ. ಆಗಲಿಲ್ಲಂದ್ರ ಬೊಂಬಾಯಿಗೇ ಕಳಸ್ತೀನಿ."

ಅವನು ಹೋದ ಮೇಲೆ ಕಾಶಪ್ಪ ಗೊಣಗಿದ: "ಕಿವಿ ಇಲ್ಲದ ಮನುಷ್ಯಾ."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅಂಬುಬಾಯಿ ತಲೆ ಎತ್ತಲಿಲ್ಲ. "ಅದಾವ ಅವರಿಗಿ ಕಿವಿ. ನಿಮ್ಮವಲ್ಲ, ಅಷ್ಟೇ. ಬಾರ್ಸಾವ್ರು ಯಾರು, ನೀವೇನು?"

ಎರಡು ದಿನ ಅವನು ಗಂಟು ಮುಟ್ಟಲಿಲ್ಲ. ಮೂರನೆಯ ದಿನ ಬಿಚ್ಚಿ ನೋಡಿದ. ಅದರಲ್ಲಿದ್ದದ್ದೆಲ್ಲ ನಾದವನ್ನು ಎಳೆದು ಉಳಿಸುವುದಕ್ಕೆ ಆರಿಸಿಟ್ಟ ಹತ್ಯಾರು. ಎದ್ದು ಹೋಗಿ, ಬಾಗಿಲ ಹಿಂದೆ ನೇತುಹಾಕಿದ್ದ ಮೂರು ಮೂಲೆಯ ಅರ ತಂದ. ಅದು ಗರಗಸದ ಹಲ್ಲು ಮಸೆಯುವುದು. ಅದನ್ನು ಅವನು ಎಂದೂ ವಾದ್ಯಕ್ಕೆ ತಾಗಿಸಿರಲಿಲ್ಲ. ಎಲುಬಿನ ಇಳಿಜಾರನ್ನು ಕಡಿದು ತಂತಿ ಒಂದೇ ಗೆರೆಯಲ್ಲಿ ತಾಗುವಂತೆ ನಡುವೆ ಕಿರಿದಾದ ಅಂಚು ನಿಲ್ಲಿಸಿದ. ತಂತಿ ಕುಯ್ಯದಷ್ಟು ಮಾತ್ರ ಅದನ್ನು ಮೊಂಡು ಮಾಡಿದ.

ಹೇಳಿದಂತೆ ಭಾನುವಾರ ಬಂದು ಅಮೀರ್ ಅಲಿ ಮೀಟಿದ. ಸ್ವರ ಎದ್ದಿತು, ಮುಗಿಯಿತು. ಕಾಶಪ್ಪನಿಗೆ ಅದು ಒಣ ಕಟ್ಟಿಗೆ ಮುರಿದಂತೆ ಕೇಳಿತು. ಅಮೀರ್ ಅಲಿ ಬಾರಿಸುತ್ತಲೇ ಇದ್ದ. ಮುಂದೆ ಇಟ್ಟ ಚಹಾ ಆರಿತು.

ಮುಂದಿನ ಸುಗ್ಗಿಯ ಹೊತ್ತಿಗೆ ಕಾಶಪ್ಪ ಗಣಿ ಬಿಟ್ಟಿದ್ದ. ವಾಡಿಯಿಂದ ಗಿಟಾರು, ಪಿಟೀಲು ಬರುತ್ತಿದ್ದವು. ಭಜನೆಯವರು ಮೊದಲಿನಂತೆ ಬರುತ್ತಿದ್ದರು. ಅವನು ಕೆಲಸಕ್ಕೆ ಕೂತಾಗ ಅಂಬುಬಾಯಿ ಒಳಗಿನಿಂದಲೇ ಕೇಳುತ್ತಿದ್ದಳು: "ಇವತ್ತ ಯಾರ ಕಿವಿ?"

ಅವನು ಅಗಲವಾದದ್ದು, ಮೂರು ಮೂಲೆಯದು, ಈ ಎರಡು ಅರಗಳಲ್ಲಿ ಒಂದನ್ನು ಎತ್ತಿ ತೋರಿಸುತ್ತಿದ್ದ.