ಪಾಠ ಹೇಳಿಸಿಕೊಳ್ಳದ ಕಾಲು

ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗ್ಯಾರೇಜುಗಳ ಆ ಸಾಲಿನಲ್ಲಿ ಎಲ್ಲರಿಗೂ ಅವನು ಅರ್ಧ ಸೆಕೆಂಡು ಮೇಸ್ತ್ರಿ. ಬೇರೆ ಮೇಸ್ತ್ರಿಗಳು ಗಾಡಿಗೆ ಎಷ್ಟು ಶಕ್ತಿ ಏರಿಸಿದೆವು ಎಂದು ಜಂಬ ಕೊಚ್ಚಿಕೊಂಡರೆ, ಇವನು ಎಷ್ಟು ತಡ ಇಳಿಸಿದೆ ಎಂದು ಹೇಳುತ್ತಿದ್ದ. ಟರ್ಬೊ ಇರುವ ಗಾಡಿಯಲ್ಲಿ ಪೆಡಲ್ ಒತ್ತಿದ ಕ್ಷಣಕ್ಕೂ ಗಾಡಿ ಮುನ್ನುಗ್ಗುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಆಕಳಿಕೆ ಇರುತ್ತದೆ. ಇಂಜಿನ್ನಿನ ಹೊಗೆ ಟರ್ಬೊದ ಪುಟ್ಟ ಚಕ್ರವನ್ನು ತಿರುಗಿಸಬೇಕು, ಆ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬಬೇಕು, ಗಾಡಿಗೆ ಮೈಮೇಲೆ ಬರುವುದು ಆಮೇಲೆ. ಆ ಆಕಳಿಕೆಯನ್ನು ಮುಚ್ಚಿಸುವುದೇ ಅವನ ಹೊಟ್ಟೆಪಾಡು.

ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಲ್ಯಾಪ್‌ಟಾಪ್ ಬಂದಾಗ ಸಾಲಿನವರೆಲ್ಲ ನಕ್ಕಿದ್ದರು. ವರ್ಷ ಕಳೆಯುವಷ್ಟರಲ್ಲಿ ನಗು ನಿಂತಿತು. ನಕ್ಕವರ ಗಿರಾಕಿಗಳು ಇವನ ಬಾಗಿಲಲ್ಲಿ ನಿಂತರು. ಮೇಸ್ತ್ರಿ ಮುಖ ನೋಡಿ ಮದ್ದು ಕೊಡುತ್ತಿದ್ದ. ಷೋಕಿಗೆ ಬಂದವನಿಗೆ, ಪೆಡಲಿನ ಬುಡಕ್ಕೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಪಾದ ಸ್ವಲ್ಪ ಒತ್ತಿದರೂ ಸಾಕು, 'ಜೋರಾಗಿ ಒತ್ತುತ್ತಿದ್ದಾನೆ' ಎಂದು ಅದು ಇಂಜಿನ್ನಿಗೆ ಚಾಡಿ ಹೇಳುತ್ತದೆ. ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ, ಗಾಡಿ ಜಿಗಿಯಿತು ಅನ್ನಿಸುತ್ತದೆ. ಜನ ಬಹುಪಾಲು ಕೊಳ್ಳುವುದು ಅನ್ನಿಸುವುದನ್ನೇ. ನಿಜವಾಗಿಯೂ ಬೇಕು ಎಂದು ಹಟ ಹಿಡಿದವನಿಗೆ ಇಂಜಿನ್ನಿನ ಕಂಪ್ಯೂಟರಿನ ಫೈಲನ್ನೇ ತಿದ್ದಿ, ಟರ್ಬೊ ಬೇಗ ಕಣ್ಣು ಬಿಡುವಂತೆ ಮಾಡುತ್ತಿದ್ದ. ಎರಡನ್ನೂ ಒಂದೇ ಗಾಡಿಗೆ ಹಾಕುತ್ತಿರಲಿಲ್ಲ. ದೊಡ್ಡ ಟರ್ಬೊ ಕೂರಿಸಿ ಎಂದು ಬಂದವರನ್ನಂತೂ ಬೈದೇ ಕಳಿಸುತ್ತಿದ್ದ.

"ದೊಡ್ಡ ಚಕ್ರ ಏಳೋಕೆ ಇನ್ನೂ ಹೆಚ್ಚು ಹೊತ್ತು ಬೇಕು ಕಣ್ರೀ. ದಪ್ಪಗಿರೋರನ್ನ ಹಾಸಿಗೆಯಿಂದ ಎಬ್ಬಿಸಿ ನೋಡಿದ್ದೀರಾ?"

ಅವನದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಕೂಡಲೇ ಕೀಲಿ ಕೊಡುತ್ತಿರಲಿಲ್ಲ. ಬೀಗ ಬಿದ್ದ ಗೋದಾಮಿನ ಹಿಂದಿನ ಖಾಲಿ ರಸ್ತೆಯಲ್ಲಿ, ತಾನು ಪಕ್ಕದಲ್ಲಿ ಕೂತು, ಗಿರಾಕಿಯ ಕೈಯಲ್ಲಿ ಹತ್ತು ಸುತ್ತು ಓಡಿಸುತ್ತಿದ್ದ. "ಗಾಡಿ ಒಂದು ಗಂಟೇಲಿ ಬದಲಾಗುತ್ತೆ. ನಿಮ್ಮ ಕಾಲು ಇನ್ನೂ ಹಳೇ ಗಾಡೀನೇ ಓಡಿಸ್ತಿರುತ್ತೆ. ಅದಕ್ಕೊಂದು ಪಾಠ ಆಗಲಿ." ತಡಕ್ಕೆ ಒಗ್ಗಿದ ಕಾಲು ಮುಂಚೆಯೇ ಒತ್ತುತ್ತದೆ, ಆಳಕ್ಕೆ ಒತ್ತುತ್ತದೆ. ತಡವೇ ಇಲ್ಲದ ಗಾಡಿಯಲ್ಲಿ ಹಾಗೆ ಒತ್ತಿದರೆ ಏನಾಗುತ್ತದೆ ಎಂಬುದು ಮೊದಲ ಸುತ್ತಿನಲ್ಲಿ ಗಿರಾಕಿಯ ಮುಖದ ಮೇಲೆ ಬರೆದಿರುತ್ತಿತ್ತು.

ಭಾನುವಾರ ಬೆಳಗ್ಗೆ ಅಳಿಯ ಬಂದ. ಲೆಕ್ಕದ ಮೇಷ್ಟ್ರು, ವಾರಕ್ಕೆ ಆರು ದಿನ ಗಂಭೀರ.

"ಮಾವ, ಕಂಡೋರ ಗಾಡಿಗೆಲ್ಲ ರೆಕ್ಕೆ ಕಟ್ಟಿದ್ರಿ. ಮನೆ ಗಾಡಿ ಮಾತ್ರ ಇನ್ನೂ ಎಮ್ಮೆ ಥರ ಯೋಚನೆ ಮಾಡಿ ಹೆಜ್ಜೆ ಇಡುತ್ತೆ."

"ಯೋಚನೆ ಮಾಡಿ ಹೆಜ್ಜೆ ಇಡೋದು ಒಳ್ಳೇದಲ್ವಾ ಅಳಿಯಂದಿರೇ? ಮಕ್ಕಳಿಗೆ ನೀವು ಹೇಳಿಕೊಡೋದೂ ಅದನ್ನೇ."

"ಕೈಯಲ್ಲಿ ಆಗಲ್ಲ ಅಂದ್ರೆ ಬಿಡಿ, ಎದುರು ಗ್ಯಾರೇಜಿಗೆ ಹೋಗ್ತೀನಿ."

ಗ್ಯಾರೇಜಿಗೆ ಅಂಟಿದ ಮನೆಯೊಳಗಿನಿಂದ ಮೇಸ್ತ್ರಿಯ ಹೆಂಡತಿ ಕೂಗಿದಳು: "ನೀವಿಬ್ಬರೂ ಗಾಡಿ ಬಿಟ್ಟು ಬೇರೇನಾದ್ರೂ ಮಾತಾಡಿದ ದಿನ ಹೇಳಿ, ಪಕ್ಕದ ಮನೆಯವರನ್ನ ಕರೆದು ತೋರಿಸ್ತೀನಿ!"

ಎದುರು ಗ್ಯಾರೇಜು ಎಂಬ ಮಾತು ಮೇಸ್ತ್ರಿಗೆ ಎಲ್ಲಿ ತಗಲಬೇಕೋ ಅಲ್ಲಿ ತಗಲಿತು. ಅಂದು ಫೈಲನ್ನೂ ತಿದ್ದಿದ, ಡಬ್ಬಿಯನ್ನೂ ಸಿಕ್ಕಿಸಿದ. ಮೊದಲ ಸುತ್ತಿನಲ್ಲಿ ಅಳಿಯನ ಕನ್ನಡಕ ಮೂಗಿನಿಂದ ಹಾರಿತು. ಹತ್ತು ಸಾಲದೆ ಹದಿನೈದು ಸುತ್ತು ಬೇಕಾಯಿತು. ಕೊನೆಗೆ ಅವನ ಕಾಲು ಗಾಜಿನ ಮೇಲೆ ಇಟ್ಟಂತೆ ಮೃದುವಾಯಿತು.

"ನಿಮ್ಮ ಮಗಳಿಗೆ ಹೇಳಬೇಡಿ ಮಾವ, ಬೇಡ ಅಂತಾಳೆ. ಸಮಯ ನೋಡಿ ನಾನೇ ಹೇಳ್ತೀನಿ."

ಮೇಸ್ತ್ರಿ ಕಣ್ಣು ಮಿಟುಕಿಸಿದ. ಗಂಡಸರ ಗುಟ್ಟು ಎಂಬ ಹೆಮ್ಮೆ ಬೇರೆ.

ಸೋಮವಾರ ಬೆಳಗ್ಗೆ ಅಳಿಯ ಮತ್ತೆ ಬಾಗಿಲಲ್ಲಿ ನಿಂತಿದ್ದ, ಹಿಂದಿನ ದಿನ ಬೆಂಚಿನ ಮೇಲೆ ಮರೆತ ಊಟದ ಡಬ್ಬಿಗೆ. ಗಾಡಿಯ ಸದ್ದು ಕೇಳಿಸಿರಲಿಲ್ಲ ಎಂಬುದು ಮೇಸ್ತ್ರಿಗೆ ತಡವಾಗಿ ಹೊಳೆಯಿತು.

"ಗಾಡಿ ಎಲ್ಲಿ?"

"ಅವಳು ತಗೊಂಡು ಹೋದಳಲ್ಲ. ಈ ವಾರ ಅವಳ ಸರದಿ."

"ಹೇಳಿದ್ರಾ?"

"ಇನ್ನೂ ಸಮಯ ಸಿಗಲಿಲ್ಲ ಮಾವ." ಅಳಿಯ ನಕ್ಕ. "ಕ್ಲಿನಿಕ್ ತನಕ ಬರೀ ಟ್ರಾಫಿಕ್ಕು, ತೆವಳಿಕೊಂಡು ಹೋಗಬೇಕು. ಏನಾಗುತ್ತೆ?"

ಮೇಸ್ತ್ರಿ ನಗಲಿಲ್ಲ. ಮಗಳು ಕೆಲಸ ಮಾಡುವ ಕಣ್ಣಿನ ಕ್ಲಿನಿಕ್ಕಿನ ಕಟ್ಟಡ ಅವನ ಕಣ್ಣ ಮುಂದೆ ಬಂತು. ಕೆಳಗಿನ ಮೂರು ಅಂತಸ್ತು ಪಾರ್ಕಿಂಗು. ಅಂತಸ್ತಿಗೊಂದು ಕಡಿದಾದ ಏರು, ಏರಿನ ತುದಿಯಲ್ಲಿ ತಟ್ಟನೆ ಎಡತಿರುವು, ನೇರಕ್ಕೆ ಸೊಂಟದೆತ್ತರದ ಗೋಡೆ. ಗೋಡೆಯ ಆಚೆ ಏನೂ ಇಲ್ಲ. ಆ ಏರಿನಲ್ಲೇ ಅವಳಿಗೆ ಗಾಡಿ ಕಲಿಸಿದವನು ಅವನು. 'ಹತ್ತೋವಾಗ ಮೊದಲೇ ಚೆನ್ನಾಗಿ ಒತ್ತಿಬಿಡು ಮಗಾ. ಗಾಡಿ ನಿಧಾನಕ್ಕೆ ಬರುತ್ತೆ, ಹೆದರಬೇಡ.' ಹೇಳಿಕೊಟ್ಟ ಪಾಠವನ್ನು ಅವಳು ಎಂದೂ ಮರೆತವಳಲ್ಲ.

ಫೋನ್ ಮಾಡಿದ. ಗಂಟೆ ಬಡಿದು ಬಡಿದು ನಿಂತಿತು. ಎರಡನೇ ಸಲವೂ ಅಷ್ಟೇ. ಸ್ಟೇರಿಂಗ್ ಹಿಡಿದಾಗ ಅಪ್ಪ ಫೋನ್ ಮಾಡಿದರೂ ಎತ್ತಬಾರದು; ಅದೂ ಅವನದೇ ಪಾಠ.

ಸ್ಕೂಟರಿನ ಹಿಂದೆ ಅಳಿಯನನ್ನು ಕೂರಿಸಿಕೊಂಡು ಹೊರಟ. ಪ್ರತಿ ಕೆಂಪು ದೀಪವೂ ಅವನಿಗಾಗಿಯೇ ಕಾದಂತೆ ಹತ್ತಿಕೊಳ್ಳುತ್ತಿತ್ತು. ಮೂರನೆಯ ದೀಪದಲ್ಲಿ ಅಳಿಯ ಮೆಲ್ಲಗೆ ಕೇಳಿದ:

"ಆ ಏರಲ್ಲಿ ಅರ್ಧ ಸೆಕೆಂಡು ಅಂದ್ರೆ ಎಷ್ಟು ಅಡಿ ಆಗುತ್ತೆ ಮಾವ?"

"ಲೆಕ್ಕದ ಮೇಷ್ಟ್ರು ನೀವು."

ಅಳಿಯ ಲೆಕ್ಕ ಹಾಕಿದ. ಮೇಸ್ತ್ರಿಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪಾರ್ಕಿಂಗಿನ ಕಾವಲುಗಾರ ಅಂಗಳದಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದ. ಅವನ ಕಾಲ ಬಳಿ ನಾಲ್ಕೈದು ಇಟ್ಟಿಗೆ ಚೂರಾಗಿ ಬಿದ್ದಿದ್ದವು. ಮೇಸ್ತ್ರಿ ಸ್ಕೂಟರನ್ನು ಏರಿಗೇ ನುಗ್ಗಿಸಿದ. ಮೊದಲನೇ ತಿರುವಿನಲ್ಲಿ ನೆಲದ ಮೇಲೆ ಟೈರಿನ ಕಪ್ಪು ಗೀಟು ಒಂದು ಗೇಣು. ಎರಡನೆಯದರಲ್ಲಿ ಒಂದು ಮಾರು. ಮೂರನೆಯದರ ತುದಿಯಲ್ಲಿ ಗಾಡಿಯೇ ಇತ್ತು. ಮೂತಿ ಗೋಡೆಯೊಳಗೆ. ಒಡೆದ ಕಿಂಡಿಯಲ್ಲಿ ಆಕಾಶ ಕಾಣುತ್ತಿತ್ತು. ಇಂಜಿನ್ ಇನ್ನೂ ಓಡುತ್ತಿತ್ತು, ಅವನೇ ತಿದ್ದಿದ ಇಂಜಿನ್, ಒಂದಿಷ್ಟೂ ತಡವರಿಸದೆ.

ಮಗಳು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದಳು. ಮೇಸ್ತ್ರಿ ಕೂಗಲಿಲ್ಲ.

"ಮಗಾ, ಬ್ರೇಕಿನಿಂದ ಕಾಲು ತೆಗೀಬೇಡ. ನಾನು ಬಂದೆ."

ಬಾಗಿಲು ತೆಗೆದು ಹ್ಯಾಂಡ್‌ಬ್ರೇಕ್ ಎಳೆದ. ಕೀಲಿ ತಿರುಗಿಸಿದ. ಸದ್ದು ನಿಂತ ಮೇಲೆ ಅವಳ ಹಲ್ಲು ಕಟಕಟಿಸುವುದು ಕೇಳಿಸಿತು.

"ಅಪ್ಪಾ, ದಿನಾ ಒತ್ತೋ ಅಷ್ಟೇ ಒತ್ತಿದ್ದು. ನೀನು ಹೇಳಿಕೊಟ್ಟ ಹಾಗೇ. ಕೆಳಗಿಂದ್ಲೂ ಏನೋ ಬೇರೆ ಥರ ಅನ್ನಿಸ್ತಿತ್ತು. ನನ್ನದೇ ತಪ್ಪು ಅಂದ್ಕೊಂಡೆ."

"ನಿನ್ನದಲ್ಲ."

ಅವಳು ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಇಬ್ಬರೂ ಸೇರಿ ಏನು ಮಾಡಿದ್ರಿ?"

ಅಳಿಯ ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮೇಸ್ತ್ರಿಯೇ ಎಲ್ಲವನ್ನೂ ಹೇಳಿದ.

ಮಧ್ಯಾಹ್ನ ಅವನು ಗಾಡಿಯನ್ನು ಗ್ಯಾರೇಜಿಗೆ ಎಳೆಸಿ ತಂದು, ಪೆಡಲಿನ ಡಬ್ಬಿಯನ್ನು ಕಿತ್ತು, ಹಳೆಯ ಫೈಲನ್ನೇ ತುಂಬಿದ. ತಿದ್ದುವ ಮುನ್ನ ಪ್ರತಿ ಗಾಡಿಯ ಮೂಲ ಫೈಲನ್ನು ಎತ್ತಿಡುವುದು ಅವನ ರೂಢಿ. ಲ್ಯಾಪ್‌ಟಾಪಿನಲ್ಲಿ ಆ ಸಾಲು ಕೆಳಕ್ಕೆ ಇಳಿಯುತ್ತಲೇ ಹೋಯಿತು: ನೂರಾ ಹನ್ನೆರಡು ಗಾಡಿ. ಒಂದೊಂದಕ್ಕೂ ಒಂದೊಂದೇ ಕಾಲಿಗೆ ಪಾಠ ಮಾಡಿದ್ದ. ಆ ಮನೆಗಳಲ್ಲಿ ಆ ಗಾಡಿಯನ್ನು ಇನ್ನು ಯಾರು ಯಾರು ಓಡಿಸುತ್ತಾರೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮೊದಲ ನಂಬರಿಗೆ ಫೋನ್ ಮಾಡಿದ. ಪೀಠೋಪಕರಣದ ಅಂಗಡಿಯವನು.

"ಮೇಸ್ತ್ರೀ! ಗಾಡಿ ಬೆಂಕಿ ಕಣ್ರೀ, ಹಾರುತ್ತೆ!"

"ಈಗ ಎಲ್ಲಿದೆ?"

"ಅಮ್ಮ ತಗೊಂಡು ಹೋಗಿದ್ದಾರೆ, ಅಕ್ಕನ ಮನೆಗೆ. ಯಾಕೆ?"

"ಅವರಿಗೆ ಈಗ ಫೋನ್ ಮಾಡಬೇಡಿ, ಓಡಿಸ್ತಾ ಎತ್ತಿಬಿಟ್ಟಾರು. ಅಕ್ಕನ ಮನೆಗೆ ಮಾಡಿ. ತಲುಪಿದ್ರಾ ಅಂತ ಕೇಳಿ ನನಗೆ ಹೇಳಿ."

ಆ ನಂಬರಿನ ಮುಂದೆ ಗುರುತು ಹಾಕಲು ಎತ್ತಿದ ಪೆನ್ನನ್ನು ಹಾಗೇ ಕೆಳಗಿಟ್ಟು, ಎರಡನೆಯದನ್ನು ಒತ್ತಿದ.