ಗೈಡಕ್ಕನ ಮೊದಲ ತುತ್ತು

ಗೈಡಕ್ಕನ ಬಗ್ಗೆ ನಾನು ಬಾಯಿ ತೆರೆದ್ರೆ ಸಾಕು, ನನ್ನ ಗಂಡ ಟವೆಲ್ ಕೊಡವಿ ಎದ್ದು ಹೋಗ್ತಾರೆ. ಹೋಗಲಿ ಬಿಡಿ, ನೀವು ಕೇಳಿ. ಹದಿನಾಲ್ಕು ವರ್ಷದಿಂದ ಚರ್ಚಿನ ಹಿಂದಿನ ಗಲ್ಲಿಯಲ್ಲಿ ಆಲೂ ಬೋಂಡದ ಬಾಣಲೆ ಇಟ್ಟುಕೊಂಡು ಕೂತಿದ್ದೀನಿ, ಎಷ್ಟು ಗೈಡುಗಳನ್ನ ನೋಡಿಲ್ಲ! ಅವರು ಬಿಡೋ ಪುಂಗಿ ಕೇಳಿದ್ರೆ ದೇವರೇ ಎದ್ದು ಓಡಬೇಕು. ಒಬ್ಬ ಒಂದು ಕಂಬ ತೋರಿಸಿ ಐನೂರು ವರ್ಷ ಅಂದ್ರೆ, ಹಿಂದೆ ಬರೋನು ಅದೇ ಕಂಬವನ್ನ ಸಾವಿರ ಮಾಡ್ತಾನೆ. ಇವಳು ಮಾತ್ರ, "ಇದು ಎಷ್ಟು ಹಳೇದು ಅಂತ ನನಗೆ ಗೊತ್ತಿಲ್ಲ ಸ್ವಾಮಿ" ಅಂತಾಳೆ. ದುಡ್ಡು ಕೊಟ್ಟು ಬಂದವರ ಎದುರು ಹಾಗನ್ನೋಕೆ ಎಂಟೆದೆ ಬೇಕು.

ಬೆಳಗ್ಗೆ ಎಂಟಕ್ಕೆ ಹನ್ನೆರಡು ಜನರನ್ನ ಕರ್ಕೊಂಡು ಹೊರಡ್ತಾಳೆ. ದೇವಸ್ಥಾನ, ಮಸೀದಿ, ಚರ್ಚು; ನಡುನಡುವೆ ನಮ್ಮಂಥವರ ಬೀದಿ ಅಂಗಡಿ. ಎಲ್ಲಿ ಹೋದರೂ ಮೊದಲು ಎಲ್ಲರನ್ನೂ ನೆಲದ ಮೇಲೆ ಕೂರಿಸ್ತಾಳೆ. "ಒಂದೈದು ನಿಮಿಷ ಸುಮ್ಮನಿರಿ. ಫೋಟೋ ಎಲ್ಲೂ ಓಡಿಹೋಗಲ್ಲ." ಮಸೀದಿ ನೋಡಿಕೊಳ್ಳೋ ಅಜ್ಜನ ಹತ್ತಿರ ಮೊದಲು ಅವರ ಮಂಡಿನೋವು ವಿಚಾರಿಸಿ, ಆಮೇಲೇ ಜನರನ್ನ ಒಳಗೆ ಬಿಡೋದು. ಬರಿಗಾಲಲ್ಲಿ ಅಂಗಳ ದಾಟುವಾಗ ಯಾವ ಕಲ್ಲು ಎಷ್ಟು ಹೊತ್ತಿಗೆ ಕಾಯುತ್ತೆ ಅನ್ನೋದೂ ಅವಳಿಗೆ ಗೊತ್ತು.

ತಿಂಡಿ ವಿಷಯಕ್ಕೆ ಬಂದ್ರೆ, ಮೊದಲ ತುತ್ತು ಅವಳದು. ಎಲ್ಲರೆದುರು ತಿಂದು, ಸರಿ ಇದ್ರೆ "ತಗೊಳ್ಳಿ" ಅಂತಾಳೆ. ಇಲ್ಲದಿದ್ರೆ "ಇವತ್ತು ಬೇಡ" ಅಂತ ಮುಂದೆ ನಡೀತಾಳೆ. ಅವಳ ಟೂರ್ ಕಂಪನಿಯವರು ಇದನ್ನೇ ಬೋರ್ಡಿನ ಮೇಲೆ ಬರೆಸಿದ್ದಾರೆ: ನಮ್ಮ ಗೈಡ್ ತಿಂದು ನೋಡದ್ದನ್ನ ನೀವು ತಿನ್ನಲ್ಲ. ನನಗೂ ಒಂದ್ಸಲ ಎಣ್ಣೆ ಹಳೇದು ಅಂತ ಬೇಡ ಅಂದಿದ್ಳು. ನಾನು ಸೌಟು ಎತ್ತಿಕೊಂಡು ಗಲ್ಲಿ ತುದಿವರೆಗೆ ಬೈದುಕೊಂಡು ಹೋದೆ. ಮಾರನೇ ದಿನ ಏನೂ ಆಗದವಳ ಹಾಗೆ ಬಂದು, "ಕೋಪ ಇಳೀತಾ? ಒಂದು ಕೊಡು" ಅಂದ್ಳು. ಅಂಥವಳ ಜೊತೆ ಜಗಳ ಕಾಯೋದಾದ್ರೂ ಹೇಗೆ ಹೇಳಿ.

ಆಮೇಲೆ ಅವಳಿಗೆ ಒಂದು ಕೆಟ್ಟ ಜ್ವರ ಬಂತು. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದ್ಳು. ಆವತ್ತು ನಾನು ಗಡಿಬಿಡಿಯಲ್ಲಿ ಆಲೂಗಡ್ಡೆಗೆ ಉಪ್ಪೇ ಹಾಕಿರಲಿಲ್ಲ. ಅವಳು ಕಚ್ಚಿ, "ಉಪ್ಪು ಹದವಾಗಿದೆ" ಅಂದ್ಳು. ಜನ ಹೋದಮೇಲೆ ಹಿಡಿದು ಕೇಳಿದೆ.

"ಬಿಸಿ ಗೊತ್ತಾಗುತ್ತೆ ಕಣೇ, ಗರಿಗರಿ ಇದ್ಯೋ ಇಲ್ವೋ ಗೊತ್ತಾಗುತ್ತೆ. ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಕಂಪನಿಗೆ ಗೊತ್ತಾದ್ರೆ ನನ್ನ ಕೆಲಸ ಹೋಯ್ತು. ಮಗಳ ನರ್ಸಿಂಗ್ ಇನ್ನೂ ಒಂದು ವರ್ಷ ಇದೆ." ಕಂಬದ ವಯಸ್ಸಿಗೂ ಸುಳ್ಳು ಹೇಳದವಳು ತಲೆ ತಗ್ಗಿಸಿ ನಿಂತಿದ್ಳು. "ನಿನ್ನ ಹತ್ತಿರವಾದ್ರೂ ಕೇಳ್ತೀನಿ. ಜನರಿಗೆ ಕೊಡ್ಲಾ ಅಂದಾಗ ನಿಜ ಹೇಳು, ಅಷ್ಟು ಸಾಕು." ನಿನ್ನಾಣೆ ಹೇಳ್ತೀನಿ ಅಂತ ಮಾತು ಕೊಟ್ಟೆ.

ಆ ಮಾತನ್ನ ನಾನು ಎಷ್ಟು ದಿನ ಉಳಿಸ್ಕೊಂಡೆ ಅಂದ್ರೆ, ಎರಡೂವರೆ ತಿಂಗಳು. ಒಂದು ಸೆಕೆಯ ಬೆಳಗ್ಗೆ ಜನ ಅರ್ಧ ಗಂಟೆ ಮುಂಚೆ ಬಂದ್ಬಿಟ್ರು. ಆವತ್ತು ಬೇಯಿಸಿದ ಆಲೂಗಡ್ಡೆ ಸಾಲಲಿಲ್ಲ. ಹಿಂದಿನ ದಿನದ್ದು ಪಾತ್ರೆಯಲ್ಲಿ ಉಳಿದಿತ್ತು, ಮುಚ್ಚಳ ತೆಗೆದ್ರೆ ಸಣ್ಣಗೆ ಹುಳಿ ವಾಸನೆ. ಕರಿದ್ರೆ ಎಲ್ಲ ಹೋಗುತ್ತೆ ಅಂತ ಎರಡನ್ನೂ ಕಲಸಿದೆ. ಮುಚ್ಚಿಡೋದೇನು? ಅವಳಿಗೆ ತಿಳಿಯಲ್ಲ ಅಂತ ನನಗೆ ಗೊತ್ತಿತ್ತು. ಧೈರ್ಯ ಬಂದಿದ್ದೇ ಅದರಿಂದ. ಮೂರು ತಿಂಗಳ ಹಿಂದಾಗಿದ್ರೆ ಆ ಪಾತ್ರೆ ನೇರ ಮೋರಿಗೆ ಹೋಗಿರೋದು.

ಅವಳು ಕಚ್ಚಿ, ನನ್ನ ಕಡೆ ತಿರುಗಿ, "ಕೊಡ್ಲಾ?" ಅಂದ್ಳು.

"ಕೊಡಕ್ಕಾ" ಅಂದೆ. ಅವಳು ಜನರ ಕಡೆ ತಿರುಗಿ, "ಚೆನ್ನಾಗಿದೆ, ತಗೊಳ್ಳಿ" ಅಂದ್ಳು.

ಮೊದಲ ತಟ್ಟೆ ಹೋಗಿದ್ದು ಒಬ್ಬ ಬಸುರಿ ಹೆಂಗಸಿನ ಕೈಗೆ. ಪಾಪ, ಬೆಳಗ್ಗೆಯಿಂದ ಹಸಿದಿದ್ಳು, ನನ್ನ ನೋಡಿ ನಕ್ಕಳು. ತುಂಡು ಮುರಿದು ಬಾಯಿ ಹತ್ತಿರ ತಂದ್ಳು. ಎಲ್ಲಿಂದ ಕಾಲು ಬಂತೋ, ಹಾರಿಹೋಗಿ ತಟ್ಟೆ ಕಿತ್ತುಕೊಂಡೆ. "ತಿನ್ನಬೇಡಮ್ಮ! ಹಳಸಿದೆ!"

ಒಬ್ಬ ದಪ್ಪ ಮೀಸೆಯವನು ಗೈಡಕ್ಕನ ಮೇಲೆ ಹರಿಹಾಯ್ದ: "ಈಗಷ್ಟೇ ತಿಂದು ಚೆನ್ನಾಗಿದೆ ಅಂದ್ರಲ್ಲಾ!" ನನ್ನ ಕಡೆ ಬೆರಳು ತೋರಿಸಿದ್ರೆ ಅವಳು ಉಳ್ಕೋತಿದ್ಳು. ತೋರಿಸಲಿಲ್ಲ.

"ಚೆನ್ನಾಗಿದೆ ಅಂತ ಹೇಳೋ ಯೋಗ್ಯತೆ ನನಗಿರಲಿಲ್ಲ" ಅಂದ್ಳು. "ಮೂರು ತಿಂಗಳಿಂದ ನನಗೆ ರುಚಿ ಗೊತ್ತಾಗ್ತಿಲ್ಲ. ಹೊಟ್ಟೆಪಾಡಿಗೆ ಮುಚ್ಚಿಟ್ಟೆ. ತಪ್ಪಾಯ್ತು." ಹೇಳಿ ಎಲ್ಲರಿಗೂ ಕೈಮುಗಿದ್ಳು. ನಾನು, "ಅಲ್ಲ, ಬೆರೆಸಿದ್ದು ನಾನು, ಬೇಕಂತಲೇ ಬೆರೆಸಿದೆ" ಅಂತ ಅಲ್ಲೇ ಕುಸಿದು ಕೂತು ಗೊಳೋ ಅಂತ ಅತ್ತೆ.

ಸಂಜೆ ಅವಳೇ ಹೋಗಿ ಕಂಪನಿ ಯಜಮಾನರಿಗೆ ಎಲ್ಲ ಹೇಳಿದ್ಳು. ಅವರು ಕೂಗಾಡಿದ್ರು, ಬೋರ್ಡು ಇಳಿಸ್ತೀನಿ ಅಂದ್ರು, ಬೇರೆಯವರನ್ನ ನೋಡ್ಕೋತೀನಿ ಅಂದ್ರು. ಅವಳು ಒಂದೇ ಒಂದು ತಿಂಗಳು ಕೇಳಿದ್ಳಂತೆ. ಇನ್ನುಮೇಲೆ ಮೊದಲ ತುತ್ತು ತಾನು ತಿನ್ನಲ್ಲ, ಅಂಗಡಿಯವರೇ ಜನರೆದುರು ತಿನ್ನಲಿ, ಒಪ್ಪದವರ ಅಂಗಡಿ ಬೇಡ, ಅಂತ. ಯಜಮಾನರು ಗೊಣಗುತ್ತಲೇ ಒಪ್ಪಿದ್ರಂತೆ.

ಮೂರನೇ ದಿನ ಹೊಸ ಗುಂಪಿನ ಜೊತೆ ಗಲ್ಲಿಗೆ ಬಂದ್ಳು. ನನ್ನ ಅಂಗಡಿ ದಾಟಿಕೊಂಡು ಹೋಗ್ತಾಳೆ ಅಂತ ನಾನು ಬಾಣಲೆ ಕಡೆ ಮುಖ ಮಾಡಿ ನಿಂತಿದ್ದೆ. ದಾಟಲಿಲ್ಲ. ಜನರಿಗೆ ತನ್ನ ನಾಲಿಗೆಯ ಕಥೆ ಮುಚ್ಚುಮರೆ ಇಲ್ಲದೆ ಹೇಳಿ, ತಟ್ಟೆ ನನ್ನ ಮುಂದೆ ಹಿಡಿದ್ಳು.

"ಅಕ್ಕಾ, ನನ್ನ ಅಂಗಡಿಗೆ ಯಾಕೆ ಬಂದೆ?" ಅಂತ ಪಿಸುಗುಟ್ಟಿದೆ.

"ಬಾಯಿ ಹತ್ತಿರ ಹೋಗಿದ್ದನ್ನ ಕಿತ್ತುಕೊಂಡವಳು ಈ ಬೀದಿಯಲ್ಲಿ ನೀನೊಬ್ಬಳೇ ಕಣೇ. ತಿನ್ನು."

ಬೆಳಗ್ಗೆ ನಾನೇ ಬೇಯಿಸಿ, ನಾನೇ ಕಲಸಿದ್ದು. ಆದ್ರೂ ಹನ್ನೆರಡು ಜನ ನೋಡ್ತಿರೋವಾಗ ಮುರಿದು ಒಂದ್ಸಲ ಮೂಸಿ ನೋಡಿದೆ. ತಿಂದು ನುಂಗಿದೆ. ಅವಳು ನನ್ನ ಮುಖವನ್ನೇ ನೋಡ್ತಾ, ಎಂದಿನ ಹಾಗೇ ಕೇಳಿದ್ಳು, "ಕೊಡ್ಲಾ?"