ತುಟಿಗೆ ತಾಗಿಸಿ ಇಳಿಸಿದ ಬಟ್ಟಲು

ನನ್ನ ಗಂಡ ಪಾದ್ರಿಯಾದದ್ದು ಯುದ್ಧದ ದೆಸೆಯಿಂದ. ಜರ್ಮನಿಯ ಬಿಳಿಯ ಪಾದ್ರಿಗಳನ್ನು ಇಂಗ್ಲಿಷ್ ಸರಕಾರ ಹಿಡಿದು ಸಾಗಿಸಿದ ಮೇಲೆ ಮಂಗಳೂರಿನ ನಮ್ಮ ಸಣ್ಣ ಸಭೆಗೆ ಹೇಳುವವರು ಕೇಳುವವರು ಇಲ್ಲವಾಯಿತು. ಉಪದೇಶಿಯಾಗಿದ್ದ ಇವರಿಗೆ ದೀಕ್ಷೆ ಕೊಟ್ಟು ಸಭೆಯ ಭಾರವನ್ನು ಹೆಗಲಿಗೆ ಹಾಕಿದರು. ಅಂದಿನಿಂದ ಮನೆಯಲ್ಲಿ ಎದ್ದರೂ ಕೂತರೂ ದೇವರ ಚಿತ್ತದ ಮಾತು. ಏನು ಕೇಳಿದರೂ ಪ್ರಾರ್ಥಿಸಿ ತಿಳಿಸುತ್ತೇನೆ ಎನ್ನುವರು. ಅಕ್ಕಿ ಮುಗಿದಿದೆ ಎಂದರೂ ಕಣ್ಣು ಮುಚ್ಚುವ ಮನುಷ್ಯ. ನನಗೆ ಮೈ ಉರಿಯುತ್ತಿತ್ತು.

ಜೆಪ್ಪುವಿನಲ್ಲಿ ನಮ್ಮ ಸಭೆಯ ಒಬ್ಬ ವಿಧವೆ ಇದ್ದಳು, ಮಗ್ಗದ ಕೆಲಸದವಳು. ಅವಳ ಮಗುವಿಗೆ ಜ್ವರ ಏರಿದಾಗ ಹಿಂದೂ ನೆಂಟರ ಮಾತು ಕೇಳಿ ದೈವದ ಗುಡಿಯಿಂದ ನೂಲು ತಂದು ಕಟ್ಟಿದಳು. ಮಗು ಉಳಿಯಲಿಲ್ಲ. ದೈವಕ್ಕೆ ಹೋದವರಿಗೆ, ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ತಪ್ಪಾಯಿತೆಂದು ಸಭೆಯ ಮುಂದೆ ನಿಲ್ಲುವವರೆಗೆ ಹಿಂದಿನ ಬೆಂಚೇ ಗತಿ. ಅದು ನಮ್ಮಲ್ಲಿದ್ದ ಕಟ್ಟಳೆ. ಇವರು ಪ್ರಾರ್ಥಿಸಿ, ದೇವರ ಚಿತ್ತ ಇದೇ ಎಂದು ಮಗು ಸತ್ತವಳನ್ನು ಹಿಂದೆ ಕೂರಿಸಿದರು. ಒಂದು ಭಾನುವಾರ ಕೂತಳು. ಆಮೇಲೆ ಬರುವುದನ್ನೇ ಬಿಟ್ಟಳು.

ಮುಂದಿನ ವರ್ಷ ನಮ್ಮ ಮಗಳಿಗೆ ಅದೇ ಜ್ವರ. ಔಷಧಿಗೂ ಬಗ್ಗಲಿಲ್ಲ, ಇವರ ಪ್ರಾರ್ಥನೆಗೂ ಬಗ್ಗಲಿಲ್ಲ. ಅತ್ತೆ ಯಾರಿಗೂ ಹೇಳದೆ ಕುದ್ರೋಳಿಯಲ್ಲಿ ಹಿಂದೂವಾಗಿಯೇ ಉಳಿದಿದ್ದ ತಮ್ಮನ ಮನೆಗೆ ಹೋಗಿ, ಅವರ ದೈವಕ್ಕೆ ಒಂದು ಕಾಯಿ ಇಟ್ಟು, ಗಂಧ ತಂದು ಮಗುವಿನ ಹಣೆಗೆ ಹಚ್ಚಿದರು. ಜ್ವರ ಇಳಿಯಿತು. ಗಂಧ ಒರೆಸುವಷ್ಟರಲ್ಲಿ ನೆರೆಯವರು ನೋಡಿಯಾಗಿತ್ತು.

ಇಡೀ ಸಭೆ ಇವರ ಬಾಯಿ ನೋಡುತ್ತ ಕೂತಿತು. ಸ್ವಂತ ತಾಯಿಯನ್ನು ಸುಮ್ಮನೆ ಬಿಟ್ಟರೆ ಆ ವಿಧವೆಗೆ ಮುಖ ತೋರಿಸುವುದು ಹೇಗೆ? ಅತ್ತೆಯೂ ಹಿಂದಿನ ಬೆಂಚಿಗೆ ಹೋದರು. ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡಿ ಅತ್ತೆ ಎಂದು ನಾನು ಗೋಗರೆದೆ. ಮಗು ಬದುಕಿದ್ದನ್ನು ತಪ್ಪು ಎನ್ನಲು ನಾಲಗೆ ಏಳುವುದಿಲ್ಲ ಎಂದರು. ಆ ದಿನಗಳಲ್ಲಿ ಗಂಡನ ಮುಖ ನೋಡಲು ನನಗೆ ಮನಸ್ಸಿರಲಿಲ್ಲ. ಅನ್ನ ಬಡಿಸಿ ಒಳಗೆ ಹೋಗುತ್ತಿದ್ದೆ.

ಮಳೆಗಾಲ ಕಳೆಯುವಾಗ ಅತ್ತೆ ಹಾಸಿಗೆ ಹಿಡಿದರು. ಸಾಯುವ ಮೊದಲು ಕರ್ತನ ಭೋಜನ ಬೇಕೆಂಬುದು ಅವರ ಒಂದೇ ಆಸೆ. ಇವರು ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ರೊಟ್ಟಿ, ಬಟ್ಟಲು ಇದ್ದ ಗಂಟು. ಕಟ್ಟಳೆಯನ್ನು ಬದಿಗಿಟ್ಟರಲ್ಲ ಎಂದು ನನ್ನ ಎದೆ ಹಗುರಾಯಿತು. ಅತ್ತೆ ಮಾತ್ರ ಕೈ ಅಡ್ಡ ಹಿಡಿದರು.

"ಆ ಜೆಪ್ಪುವಿನವಳಿಗೆ ಕೊಟ್ಟೆಯಾ?" ಎಂದು ಕೇಳಿದರು. "ಮೊದಲು ಅವಳಿಗೆ ಕೊಡು ಮಗ. ಅವಳ ಮಗು ಹೋಯ್ತು. ನಮ್ಮದು ಉಂಟು."

ಇವರು ಗಂಟು ಹಿಡಿದುಕೊಂಡು ಹಾಗೆಯೇ ಜೆಪ್ಪುವಿಗೆ ಹೊರಟರು. ಆ ಹೆಂಗಸು ಅಂಗಳದಲ್ಲೇ ನಿಲ್ಲಿಸಿದಳಂತೆ.

"ನನ್ನನ್ನು ಹಿಂದೆ ಕೂರಿಸುವಾಗ ದೇವರ ಚಿತ್ತ ಅಂದಿರಿ ಪಾದ್ರಿಯವರೇ. ಈಗ ನಿಮ್ಮ ತಾಯಿಗೆ ಬೇಕಾದಾಗ ದೇವರ ಚಿತ್ತ ಬದಲಾಯಿತಾ?"

ಇವರು ಗಂಟು ಬಿಚ್ಚದೆ ಮರಳಿದರು. ಹಾಗಾದರೆ ನನಗೂ ಬೇಡ ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನ ತೀರಿಹೋದರು. ಅಯ್ಯೋ, ಒಂದು ಚೂರು ರೊಟ್ಟಿಗಾಗಿ ಕಾದ ಜೀವ!

ಆಮೇಲೆ ಇವರು ಯಾರನ್ನೂ ಹಿಂದೆ ಕೂರಿಸಲಿಲ್ಲ. ಆದರೆ ಭೋಜನದ ದಿನ ಎಲ್ಲರಿಗೂ ಕೊಟ್ಟು, ಕೊನೆಗೆ ತಾವು ಬಟ್ಟಲನ್ನು ತುಟಿಗೆ ತಾಗಿಸಿ ಇಳಿಸುತ್ತಿದ್ದರು, ಕುಡಿಯುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ಕಣ್ಣಿಗೆ ಮಾತ್ರ ಅದು ಬಿತ್ತು. ಮನೆಗೆ ಬಂದು ಕೇಳಿದೆ. ಆ ಜೆಪ್ಪುವಿನವಳು ಬಂದು ಕುಡಿಯುವವರೆಗೆ ನನಗೆ ಬೇಡ, ಯಾರಿಗೂ ಹೇಳಬೇಡ ಎಂದರು. ಹಾಗಾದರೆ ಇನ್ನೊಮ್ಮೆ ಹೋಗಿ ಕರೆಯಬಾರದೇ ಎಂದೆ. ಈ ಸಲ ನನ್ನ ಮನಸ್ಸಿನ ಮಾತನ್ನು ದೇವರದೆಂದು ಹೇಳಲಾರೆ, ಅವನೇ ಹೋಗು ಎನ್ನುವವರೆಗೆ ಕಾಯುತ್ತೇನೆ ಎಂದರು. ಜೆಪ್ಪುವಿಗೆ ಹೋಗಲು ದೇವರು ಜಟಕಾ ಕಳುಹಿಸಬೇಕೇ ಎಂದು ರೇಗಿದೆ.

ಮಗಳ ಮದುವೆಯಾಯಿತು, ಮೊಮ್ಮಕ್ಕಳಾದರು. ಇನ್ನೊಂದು ಯುದ್ಧವೂ ಬಂತು. ಇವರು ಕುಡಿಯದೆಯೇ ಹೋದರು.

ಮಣ್ಣು ಮಾಡಿದ ದಿನ ಜೆಪ್ಪುವಿನ ಆ ಹೆಂಗಸು ಬಂದಿದ್ದಳು. ತಲೆ ಪೂರಾ ನರೆತಿತ್ತು. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದು ನಿಂತಳು. ನನಗೆ ತಡೆಯಲಾಗಲಿಲ್ಲ, ಬಟ್ಟಲಿನ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ನೀನು ಬರಲಿ ಎಂದು ಇಷ್ಟು ವರ್ಷ ಒಂದು ಗುಟುಕು ಕುಡಿಯಲಿಲ್ಲ ಎಂದೆ.

ಅವಳು ಬಗ್ಗಿ ಒಂದು ಹಿಡಿ ಹಸಿ ಮಣ್ಣು ತೆಗೆದು ಗೋರಿಯ ಮೇಲೆ ಹಾಕಿದಳು.

"ಆ ದಿನ ನಾನು ಸಿಟ್ಟಲ್ಲಿ ಹೇಳಿದ್ದು ಅಮ್ಮ," ಎಂದಳು. "ಇನ್ನೊಂದು ಸಲ ಬಂದು ಕರೆಯುತ್ತಾರೆ ಅಂತ ಕಾದೆ. ಬರಲೇ ಇಲ್ಲ."